ಲೆಕ್ಕದಲ್ಲಿ ಬಿಗಿ, ಬದುಕಿನಲ್ಲಿ ಸಡಿಲ

2018ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಸಂಘಗಳ ಬೆಳೆಸಾಲವನ್ನು ಒಂದು ಲಕ್ಷ ರೂಪಾಯಿಯ ತನಕ ಮನ್ನಾ ಮಾಡಿದಾಗ ನಾನು ಮೂಡುಬಿದಿರೆ ಪಕ್ಕದ ಕೃಷಿ ಸಹಕಾರಿ ಸಂಘವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ. ಮೊದಲೇ ಸಾಲ ಕಟ್ಟಿ ಮುಗಿಸಿದ್ದ ಅಡಿಕೆ ಬೆಳೆಗಾರರೊಬ್ಬರು ಕೌಂಟರಿಗೆ ಬಂದು, "ಕಟ್ಟಿದ್ದೇ ತಪ್ಪಾಯ್ತಾ ಅಕ್ಕ?" ಎಂದು ಕೇಳಿದರು. ಹೇಳಿದ ದಿನಕ್ಕೆ ಸಾಲ ತೀರಿಸುವುದು ಮಾನದ ಪ್ರಶ್ನೆ ಎಂದು ನಂಬಿದ ಮನುಷ್ಯ. ಸುಸ್ತಿದಾರನಿಗೆ ಲಾಭ, ನಿಯತ್ತಿನವನಿಗೆ ಚೊಂಬು ಎಂಬ ಲೆಕ್ಕ ನನಗೆ ಇವತ್ತಿಗೂ ಜೀರ್ಣವಾಗಿಲ್ಲ.

ಅಷ್ಟೇ ಸಿಟ್ಟು ನನಗೆ ಇನ್ನೊಂದು ಕಡೆಗೂ ಉಂಟು. 2009ರ ಜನವರಿ 24ರಂದು ಮಂಗಳೂರಿನ ಪಬ್ಬಿಗೆ ನುಗ್ಗಿ ಹೆಣ್ಣುಮಕ್ಕಳನ್ನು ಅಟ್ಟಾಡಿಸಿ ಹೊಡೆದದ್ದನ್ನು ದೇಶವೇ ಟಿವಿಯಲ್ಲಿ ನೋಡಿತು. ಯಾರು ಯಾರ ಜೊತೆ ಕೂರಬೇಕು, ಯಾರನ್ನು ಮದುವೆಯಾಗಬೇಕು ಎಂದು ಬೀದಿಯಲ್ಲಿ ನಿಂತು ತೀರ್ಮಾನಿಸುವವರು ಅಲ್ಲಿಗೇ ನಿಲ್ಲಲಿಲ್ಲ. ಸಾಲ ಮನ್ನಾ ಬೇಡ ಎಂದರೆ ನನ್ನನ್ನು 'ಬಲ' ಎನ್ನುತ್ತಾರೆ, ಮಕ್ಕಳನ್ನು ಅವರ ಪಾಡಿಗೆ ಬಿಡಿ ಎಂದರೆ 'ಎಡ' ಎನ್ನುತ್ತಾರೆ. ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ತಲೆ ಸರಿ ಉಂಟಾ ಎಂದು ನೋಡುತ್ತಾರೆ.

ನಿಜವಾಗಿ ಇವು ಎರಡು ಬೇರೆ ಬೇರೆ ಪ್ರಶ್ನೆಗಳು. ಸರ್ಕಾರ ಎಷ್ಟು ತೆರಿಗೆ ಎತ್ತಬೇಕು, ಎಷ್ಟು ಸಾಲ ಮಾಡಬೇಕು ಎಂಬುದು ಒಂದು. ಜನರ ಊಟ, ಉಡುಪು, ಮದುವೆ, ದೇವರು ಇವುಗಳಲ್ಲಿ ಸರ್ಕಾರವೂ ಸಮಾಜವೂ ಎಷ್ಟು ಕೈಹಾಕಬಹುದು ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಬಿಗಿ, ಎರಡನೆಯದರಲ್ಲಿ ಉದಾರ ಎನ್ನುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ನೆದರ್‌ಲ್ಯಾಂಡ್ಸ್ 2001ರಲ್ಲಿ ಜಗತ್ತಿನಲ್ಲೇ ಮೊದಲ ಬಾರಿಗೆ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಕೊಟ್ಟಾಗ, ಅಲ್ಲಿನ ಸರ್ಕಾರದಲ್ಲಿ ಕಾರ್ಮಿಕ ಪಕ್ಷದ ಜೊತೆ ಮಾರುಕಟ್ಟೆ ಪರವಾದ ವಿವಿಡಿ ಪಕ್ಷವೂ ಪಾಲುದಾರವಾಗಿತ್ತು.

ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಅಮ್ಮೆಂಬಳದ ಹೆಸರು ಹೊತ್ತ ವಕೀಲರು ಅಮ್ಮೆಂಬಳ ಸುಬ್ಬರಾವ್ ಪೈ. 1891ರಲ್ಲಿ ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು, 1894ರಲ್ಲಿ ಹೆಣ್ಣುಮಕ್ಕಳಿಗೇ ಒಂದು ಶಾಲೆ, 1906ರಲ್ಲಿ ಒಂದು ನಿಧಿ. ಆ ನಿಧಿಯೇ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದರ ಸ್ಥಾಪನಾ ತತ್ವಗಳನ್ನು ಓದಿದರೆ ಬೆರಗಾಗುತ್ತದೆ: ಮೂಢನಂಬಿಕೆ, ಅಜ್ಞಾನ ತೊಲಗಿಸುವುದು ಮೊದಲನೆಯದು, ಅದಕ್ಕಾಗಿ ಎಲ್ಲರಿಗೂ ವಿದ್ಯೆ ಹಂಚುವುದು ಎರಡನೆಯದು, ಮಿತವ್ಯಯ ಮತ್ತು ಉಳಿತಾಯದ ಅಭ್ಯಾಸ ಮಾಡಿಸುವುದು ಮೂರನೆಯದು. ಮೂಢನಂಬಿಕೆಯ ವಿರುದ್ಧದ ಹೋರಾಟವನ್ನೂ ಉಳಿತಾಯವನ್ನೂ ಒಂದೇ ಪಟ್ಟಿಯಲ್ಲಿ ಬರೆದವರಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ. ಬೀಡಿ ಕಟ್ಟುತ್ತಿದ್ದ ನನ್ನ ಅಮ್ಮನಿಗೂ ಕಾಣಲಿಲ್ಲ. ಪಿಗ್ಮಿ ಉಳಿತಾಯ ಖಾತೆಗೆ ದಿನಾ ಚಿಲ್ಲರೆ ಹಾಕಿ ಅದೇ ದುಡ್ಡಲ್ಲಿ ನನ್ನನ್ನು ಕಾಲೇಜಿಗೆ ಕಳಿಸಿದವಳು ಅವಳು.

ರಾಜಾಜಿಯ ಪಕ್ಷ

ಈ ವಿಚಾರಕ್ಕೆ ಪಕ್ಷದ ರೂಪ ಕೊಡಲು ಹತ್ತಿರ ಬಂದವರು ರಾಜಾಜಿ. ಕಾಂಗ್ರೆಸ್ 1959ರ ನಾಗಪುರ ಅಧಿವೇಶನದಲ್ಲಿ ಸಹಕಾರಿ ಬೇಸಾಯದ ನಿರ್ಣಯ ತಂದಾಗ, ಅದಕ್ಕೆ ಎದುರಾಗಿ ಅದೇ ವರ್ಷ ಸ್ವತಂತ್ರ ಪಕ್ಷ ಹುಟ್ಟಿತು. ಪರ್ಮಿಟ್, ಲೈಸೆನ್ಸ್, ಕೋಟಾಗಳ ರಾಜ್ಯಭಾರ ಸಾಕು ಎಂಬುದು ಅವರ ಘೋಷಣೆ. 1967ರಲ್ಲಿ ಆ ಪಕ್ಷಕ್ಕೆ ಲೋಕಸಭೆಯಲ್ಲಿ 44 ಸ್ಥಾನ ಸಿಕ್ಕಿತು, ಮೈಸೂರು ವಿಧಾನಸಭೆಯಲ್ಲಿ 16. ಉಡುಪಿ ಲೋಕಸಭಾ ಕ್ಷೇತ್ರದಿಂದ ಗೆದ್ದವರು ಐಸಿಎಸ್ ಅಧಿಕಾರಿಯಾಗಿದ್ದ ಜೆ. ಎಂ. ಲೋಬೋ ಪ್ರಭು. ಕರಾವಳಿ ಒಮ್ಮೆ ಹಾಗೆಯೂ ಓಟು ಹಾಕಿತ್ತು ಎಂದರೆ ಇಂದಿನ ಹುಡುಗರು ನಂಬುವುದಿಲ್ಲ.

ರಾಜಾಜಿ ನಮಗೆ ಹೊರಗಿನವರೂ ಅಲ್ಲ. 1956ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ಅಲ್ಲಿ ರಾಜಾಜಿಯ ಸರ್ಕಾರ 1939ರಲ್ಲಿ ದಲಿತರಿಗೆ ದೇವಸ್ಥಾನದ ಬಾಗಿಲು ತೆರೆದವರಿಗೆ ಕಾನೂನಿನ ರಕ್ಷಣೆ ಕೊಟ್ಟಿತು. ಅದಕ್ಕೂ ಮೊದಲೇ, 1933ರಲ್ಲಿ, ಅವರ ಮಗಳು ಲಕ್ಷ್ಮಿ ಜಾತಿ ಮೀರಿ ಗಾಂಧೀಜಿಯ ಮಗ ದೇವದಾಸರನ್ನು ಮದುವೆಯಾಗಿದ್ದರು. ಹಾಗೆಂದು ಅವರನ್ನು ಪೂರ್ತಿ ಉದಾರವಾದಿ ಎನ್ನಲಾಗದು. 1937ರಲ್ಲಿ ಸೇಲಂನಿಂದ ಪಾನನಿಷೇಧ ಶುರುಮಾಡಿದವರೂ ಅವರೇ. ಶೇಂದಿ ಇಳಿಸುವ ಮೂರ್ತೆದಾರನ ಮಟ್ಟಿಗೆ ಅದು ಹೊಟ್ಟೆಯ ಮೇಲಿನ ಹೊಡೆತ. ಲೆಕ್ಕ ಬರೆದವಳಾಗಿ ಒಂದು ಮಾತು ಮಾತ್ರ ಒಪ್ಪುತ್ತೇನೆ: ಹೋದ ಅಬಕಾರಿ ಆದಾಯಕ್ಕೆ ಬದಲಿಯಾಗಿ ಮಾರಾಟ ತೆರಿಗೆ ತಂದರು, ಖಾತೆಯಲ್ಲಿ ತೂತು ಬಿಡಲಿಲ್ಲ. ಆದರೆ 1953ರಲ್ಲಿ ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದರ್ಧ ಅಪ್ಪನ ಕಸುಬು ಎಂಬ ಯೋಜನೆ ತಂದಾಗ ಜನ ಸಿಡಿದೆದ್ದರು. ಖರ್ಚು ಉಳಿಯುತ್ತಿತ್ತು, ಜೊತೆಗೆ ಜಾತಿಯೂ ಉಳಿಯುತ್ತಿತ್ತು. ಮರುವರ್ಷ ಮುಖ್ಯಮಂತ್ರಿಯಾದ ಕಾಮರಾಜರು ಅದನ್ನು ಕೈಬಿಟ್ಟರು.

ಮುಡಿ ಅಕ್ಕಿಯ ಲೆಕ್ಕ

ಬಿಗಿ ಲೆಕ್ಕದವರು ಎಡವುವುದು ಇಲ್ಲಿಯೇ. ನನ್ನ ಅಪ್ಪ ಚಾಲಗೇಣಿ ಒಕ್ಕಲು. ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಹೊತ್ತು ಹಾಕಬೇಕು, ಮಳೆ ಬರಲಿ ಬಿಡಲಿ. ದೇವರಾಜ ಅರಸರ ಸರ್ಕಾರದ ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಅಪ್ಪ ಡಿಕ್ಲರೇಶನ್ ಕೊಟ್ಟರು, ನ್ಯಾಯಮಂಡಳಿಯ ಮುಂದೆ ನಿಂತರು, ಗದ್ದೆ ನಮ್ಮದಾಯಿತು. ಅದೇ ವರ್ಷ ಸ್ವತಂತ್ರ ಪಕ್ಷ ಭಾರತೀಯ ಲೋಕದಳದಲ್ಲಿ ಕರಗಿಹೋಯಿತು. ಆಸ್ತಿಯ ಹಕ್ಕು ಪವಿತ್ರ ಎಂದ ಪಕ್ಷಕ್ಕೆ, ಉಳುವವನಿಗೂ ಆಸ್ತಿ ಬೇಕು ಎಂಬುದು ಹೊಳೆಯಲಿಲ್ಲ. ಸ್ವಂತ ಗದ್ದೆ ಇದ್ದವನಿಗೆ ಮಾತ್ರ ಸಹಕಾರಿ ಸಂಘದಲ್ಲಿ ಬೆಳೆಸಾಲ, ಬೆಳೆಸಾಲ ಸಿಕ್ಕವನಿಗೆ ಮಾತ್ರ ಅದನ್ನು ನಿಯತ್ತಾಗಿ ತೀರಿಸುವ ಅವಕಾಶ. ನಾನು ಹೊಗಳುವ ಶಿಸ್ತಿನ ಬುಡದಲ್ಲಿ ಸರ್ಕಾರದ ಒಂದು ದೊಡ್ಡ ಹಸ್ತಕ್ಷೇಪ ಕೂತಿದೆ.

ಮೂಡುಬಿದಿರೆಯ ಮಾರ್ಪಾಡಿಯಲ್ಲಿ ಹುಟ್ಟಿದ ವೀರಪ್ಪ ಮೊಯಿಲಿ ಅವರ ರಾಜಕೀಯದಲ್ಲೂ ಬಿಗಿ ಲೆಕ್ಕ, ಸರ್ಕಾರದ ಹಸ್ತಕ್ಷೇಪ ಎಂಬ ಈ ಎರಡು ಎಳೆ ಕಾಣುತ್ತವೆ. ಉನ್ನತ ಶಿಕ್ಷಣದಲ್ಲಿ ಹಿಂದುಳಿದವರ ಮೀಸಲಾತಿಯನ್ನು ಜಾರಿಗೆ ತರುವ ದಾರಿ ಹುಡುಕಲು 2006ರಲ್ಲಿ ಕೇಂದ್ರ ನೇಮಿಸಿದ ಸಮಿತಿಗೆ ಅವರೇ ಅಧ್ಯಕ್ಷರು. 2013ರ ಜನವರಿಯಲ್ಲಿ ಅವರು ಪೆಟ್ರೋಲಿಯಂ ಸಚಿವರಾಗಿದ್ದಾಗ ಡೀಸೆಲ್ ದರವನ್ನು ತಿಂಗಳಿಗೆ 50 ಪೈಸೆಯಷ್ಟು ಏರಿಸುತ್ತ ಸಬ್ಸಿಡಿ ಕರಗಿಸುವ ತೀರ್ಮಾನವಾಯಿತು. ಡೀಸೆಲ್ ಸಬ್ಸಿಡಿಯಲ್ಲಿ ಕಾರಿನವನಿಗೂ ಪಾಲು ಹೋಗುತ್ತಿತ್ತು, ಕಾಲೇಜು ಸೀಟು ಮಾತ್ರ ಬೀಡಿ ಕಟ್ಟುವವಳ ಮಗುವಿಗೂ ತಲುಪಬಹುದಿತ್ತು. ಎಲ್ಲಿ ಕೈ ಬಿಗಿ ಮಾಡಬೇಕು, ಎಲ್ಲಿ ಬಿಚ್ಚಬೇಕು ಎಂಬುದಕ್ಕೆ ನನಗೆ ಸಿಗುವ ಸುಲಭದ ಉದಾಹರಣೆ ಇದು.

ಇದೇ ಒರೆಗಲ್ಲಿಗೆ ರಾಜ್ಯ ಸರ್ಕಾರದ ಗ್ಯಾರಂಟಿ ಯೋಜನೆಗಳನ್ನೂ ಹಚ್ಚುತ್ತೇನೆ. ಆದಾಯ ಕೊರತೆ ಇರಬಾರದು ಎಂಬ ಗುರಿಯಿಂದ ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಮಾಡಿಕೊಂಡಿತ್ತು. 2024-25ರ ಬಜೆಟ್ಟಿನಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52 ಸಾವಿರ ಕೋಟಿ ರೂಪಾಯಿ, ಆದಾಯ ಕೊರತೆ 27 ಸಾವಿರ ಕೋಟಿಗೂ ಮೇಲೆ. ಆದರೂ ಐದನ್ನೂ ಒಂದೇ ತಕ್ಕಡಿಗೆ ಹಾಕಲಾರೆ. 2023ರ ಜೂನ್ 11ರಂದು ಶುರುವಾದ, ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ ಪ್ರಯಾಣದ ಶಕ್ತಿ ಯೋಜನೆಯಿಂದ ಗಂಡನ ಹತ್ತಿರ ಬಸ್ ಚಾರ್ಜ್ ಬೇಡದೆ ಹೆಂಗಸು ಕೆಲಸ ಹುಡುಕಿ ಹೊರಡಬಹುದು. ಅದನ್ನು ನಾನು ಬಂಡವಾಳ ಎಂದು ಬರೆದುಕೊಳ್ಳುತ್ತೇನೆ. ಖಾಸಗಿ ಬಸ್ಸುಗಳದ್ದೇ ಆಳ್ವಿಕೆಯ ನಮ್ಮ ಕಡೆ ಎಷ್ಟೋ ಹೆಂಗಸರು ಇವತ್ತಿಗೂ ದುಡ್ಡು ಕೊಟ್ಟೇ ಟಿಕೆಟ್ ತೆಗೆಯುವುದು, ಆ ಮಾತು ಬೇರೆ. ವಿದ್ಯುತ್ ಬಿಲ್ಲನ್ನು ಸಲೀಸಾಗಿ ಕಟ್ಟಬಲ್ಲ ನನಗೂ 200 ಯೂನಿಟ್ ತನಕ ಪುಕ್ಕಟೆ ಎಂದರೆ, ಅದನ್ನು ಬರೆಯಲು ನನ್ನ ಖಾತೆ ಪುಸ್ತಕದಲ್ಲಿ ಜಾಗ ಇಲ್ಲ.

ಹಾಗಾಗಿ ಪ್ರಚಾರಕ್ಕೆ ಬಂದವರ ಹತ್ತಿರ ನಾನು ಎರಡೇ ಪ್ರಶ್ನೆ ಕೇಳುವುದು. ಕೊಡುತ್ತೇವೆ ಎಂದ ದುಡ್ಡು ಎಲ್ಲಿಂದ ಬರುತ್ತದೆ? ನನ್ನ ಮಗಳು ಯಾರನ್ನು ಕಟ್ಟಿಕೊಂಡರೆ ನಿಮಗೇನು? ಎರಡಕ್ಕೂ ನೇರ ಉತ್ತರ ಕೊಟ್ಟ ಪಕ್ಷ ಇನ್ನೂ ಸಿಕ್ಕಿಲ್ಲ. ಒಂದಕ್ಕಾದರೂ ಕೊಟ್ಟವರಿಗೆ ಓಟು ಹಾಕುತ್ತೇನೆ, ಉಳಿದ ಇನ್ನೊಂದನ್ನು ಐದು ವರ್ಷವೂ ಕೇಳುತ್ತಿರುತ್ತೇನೆ.