ಹೊಲದ ಕಲ್ಲು ಓದಿದ ಮೇಷ್ಟ್ರು

ಜೇವರ್ಗಿಯ ಹೆಸರು ಪುರಾತತ್ವದ ಬರಹಗಳಿಗೆ ಬಂದು ನೂರೈವತ್ತು ವರ್ಷಗಳ ಮೇಲಾಯಿತು. ಸುರಪುರ ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಇಲ್ಲಿನ ಪ್ರಾಚೀನ ಕಲ್ಗೋರಿಗಳನ್ನು ಕುರಿತು 1850ರ ಆಸುಪಾಸಿನಲ್ಲೇ ಬರೆದಿದ್ದ. ಅವನು ಆಡಳಿತಗಾರ, ಬರೆದು ಹೋದ. ಕೃಷ್ಣಾ–ಭೀಮಾ ನಡುವಿನ ಈ ನೆಲಕ್ಕೆ ಬೇಕಿದ್ದುದು ಮತ್ತೆ ಮತ್ತೆ ಬರುವ, ವಿದ್ಯಾರ್ಥಿಗಳನ್ನೂ ಕರೆತರುವ ಮೇಷ್ಟ್ರು.

ಅಂಥವರು ಸಿಕ್ಕಿದ್ದು 1960ರ ದಶಕದಲ್ಲಿ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಎಚ್.ಡಿ. ಸಾಂಕಾಲಿಯಾ ಅವರ ಶಿಷ್ಯರಾಗಿದ್ದ ಕೆ. ಪದ್ದಯ್ಯ ಸುರಪುರ ದೋಆಬದ, ಅಂದರೆ ಈ ಎರಡು ನದಿಗಳ ನಡುವಿನ ನೆಲದ, ನವಶಿಲಾಯುಗವನ್ನು ಸಂಶೋಧನೆಗೆ ಆರಿಸಿಕೊಂಡರು. ಆಮೇಲೆ ಅದೇ ಕಾಲೇಜಿನಲ್ಲಿ ಪಾಠ ಹೇಳಿದರು, ನಿರ್ದೇಶಕರಾದರು, 2012ರಲ್ಲಿ ಪದ್ಮಶ್ರೀ ಪಡೆದರು. ಆದರೆ ಈ ನೆಲವನ್ನು ಮಾತ್ರ ಬಿಡಲಿಲ್ಲ.

ಅವರ ಕೆಲಸದ ತಿರುಳು ನಡಿಗೆ. ಬೆಳೆ ತೆಗೆದ ಹೊಲ, ಹಳ್ಳದ ದಂಡೆ, ಗುಡ್ಡದ ತಪ್ಪಲುಗಳನ್ನು ಸುತ್ತಿ ಹುಣಸಗಿ–ಬೈಚಬಾಳ ಕಣಿವೆಗಳಲ್ಲಿ ಹಳೆ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಇಸಾಂಪುರದ್ದು ಅವುಗಳಲ್ಲಿ ದೊಡ್ಡದು. ಕಾಲುವೆ ಕೆಲಸಕ್ಕೆ ಮೇಲ್ಮಣ್ಣು ತೆಗೆದಲ್ಲಿ ಸುಣ್ಣಕಲ್ಲಿನ ಕೈಗೊಡಲಿಗಳು ಕಾಣಿಸಿಕೊಂಡಿದ್ದವು. 1990ರ ದಶಕದ ಕೊನೆಗೆ ಉತ್ಖನನ ನಡೆದಾಗ, ಹಾಸುಗಲ್ಲು ಎಬ್ಬಿಸಿದ್ದು, ಒಡೆದದ್ದು, ಅಂಚು ತಿದ್ದಿದ್ದು ಎಲ್ಲ ಹಂತಗಳ ಗುರುತೂ ಒಂದೇ ಕಡೆ ಸಿಕ್ಕಿತು. ಅಲ್ಲಿನ ಪ್ರಾಣಿಯ ಹಲ್ಲಿನ ಪರೀಕ್ಷೆ ಸುಮಾರು 12 ಲಕ್ಷ ವರ್ಷಗಳ ಕಾಲವನ್ನು ಸೂಚಿಸಿತು. ಬೂದಿಹಾಳದ ಬೂದಿದಿಬ್ಬವನ್ನು ಅಗೆದಾಗಲೂ ಹೀಗೆಯೇ: ಸಗಣಿ ಸುಟ್ಟ ಬೂದಿಯ ಪಕ್ಕದಲ್ಲೇ ಜನ ಬಾಳಿದ ಜಾಗ, ಚಕಮಕಿ ಕಲ್ಲಿನ ಅಲಗು ಮಾಡುತ್ತಿದ್ದ ತಾಣ, ಪ್ರಾಣಿ ಕೊಯ್ದ ನೆಲ. ದನಗಾಹಿಗಳ ಒಂದು ಊರೇ ಕಣ್ಣಿಗೆ ಬಿತ್ತು.

ಇವೆಲ್ಲ ತಿಳಿದದ್ದು ವಸ್ತುಗಳು ಬಿದ್ದಲ್ಲೇ ಬಿದ್ದಿದ್ದರಿಂದ. ಕೈಗೊಡಲಿಯನ್ನು ಎತ್ತಿ ಕಪಾಟಿನಲ್ಲಿಟ್ಟರೆ ಅದು ಬರೀ ಕಲ್ಲು. ನನ್ನ ಮಟ್ಟಿಗೆ ಪುರಾತತ್ವದ ಮೊದಲ ಪಾಠವೇ ಇದು, ಪರಂಪರೆ ಸಂರಕ್ಷಣೆಯ ಬುಡವೂ ಇದೇ. ಜಾಗ ಬಿಟ್ಟ ಕಲ್ಲು ಹೇಗೆ ಮೂಕವಾಗುತ್ತದೆ ಎಂಬುದಕ್ಕೆ ಭೀಮೆಯ ಆಚೆ ದಂಡೆಯ ಸನ್ನತಿಯೇ ಸಾಕ್ಷಿ: ಅಲ್ಲಿ ಅಶೋಕನ ಶಾಸನದ ಕಲ್ಲು ಗುಡಿಯೊಂದರಲ್ಲಿ ವಿಗ್ರಹದ ಪೀಠವಾಗಿತ್ತು. 1986ರಲ್ಲಿ ಚಾವಣಿ ಕುಸಿದ ಮೇಲೆಯೇ ಅದರ ಅಕ್ಷರಗಳು ಬೆಳಕಿಗೆ ಬಂದವು.

ಪದ್ದಯ್ಯನವರ ಹೆಚ್ಚಿನ ಕೆಲಸ ಇಂದಿನ ಯಾದಗಿರಿ ಜಿಲ್ಲೆಯಲ್ಲಿ ನಡೆಯಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಗಳಲ್ಲೂ ಭೀಮಾ, ಅಮರ್ಜಾ ದಂಡೆಯ ಹೊಲಗಳನ್ನು ಅಷ್ಟೇ ತಾಳ್ಮೆಯಿಂದ ನಡೆದು ನೋಡಬೇಕು. ಕಲಬುರಗಿಯ ಕಾಲೇಜುಗಳ ಇತಿಹಾಸ ವಿಭಾಗಗಳು ವಿದ್ಯಾರ್ಥಿಗಳನ್ನು ವರ್ಷಕ್ಕೊಮ್ಮೆಯಾದರೂ ಹೊರಡಿಸಲಿ. ಒಂದು ಹಳ್ಳಿಯ ವೀರಗಲ್ಲು, ಶಾಸನ, ಹಾಳೂರ ದಿಬ್ಬಗಳ ಪಟ್ಟಿ ಮಾಡಲು ದೊಡ್ಡ ಅನುದಾನವೇನೂ ಬೇಡ. ಟ್ರ್ಯಾಕ್ಟರ್, ಜೆಸಿಬಿಗಳು ದಿಬ್ಬಗಳನ್ನು ಸಮ ಮಾಡುವ ವೇಗ ನೋಡಿದರೆ ಈ ಕೆಲಸ ತಡಮಾಡುವಂಥದ್ದಲ್ಲ.

ನೇಗಿಲಿಗೆ ಅಕ್ಷರದ ಕಲ್ಲೋ ಮಡಕೆ ಚೂರಿನ ರಾಶಿಯೋ ಸಿಕ್ಕರೆ ದಯವಿಟ್ಟು ಅದನ್ನು ಕದಲಿಸಬೇಡಿ. ಜಾಗದ ಫೋಟೊ ತೆಗೆದು, ಸರ್ವೆ ನಂಬರ್ ಬರೆದುಕೊಂಡು, ತಹಶೀಲ್ದಾರರಿಗೋ ಕಲಬುರಗಿಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೋ ತಿಳಿಸಿ.