ಚಿರತೆ ಕಾಯುವ ಚಿತ್ರೋತ್ಸವ

ಸ್ವಿಟ್ಜರ್ಲೆಂಡ್ ಎಂದರೆ ನಮ್ಮ ಸಿನಿಮಾದವರಿಗೆ ಹಿಮದಲ್ಲಿ ಹಾಡು ತೆಗೆದುಕೊಂಡು ಬರುವ ಜಾಗ. ಆ ದೇಶದ ದಕ್ಷಿಣದಂಚಿನಲ್ಲಿ, ಮಜ್ಜೋರೆ ಸರೋವರದ ದಡದಲ್ಲಿ, ಇಟಾಲಿಯನ್ ಮಾತಾಡುವ ಲೊಕಾರ್ನೊ ಎಂಬ ಊರಿದೆ. ಜನಸಂಖ್ಯೆ 16 ಸಾವಿರದ ಆಸುಪಾಸು. ನಮ್ಮಲ್ಲಾದರೆ ದೊಡ್ಡ ಹೋಬಳಿ ಕೇಂದ್ರ ಎನ್ನಬಹುದು, ಅಷ್ಟೆ. ಆದರೆ ಪ್ರತಿ ಆಗಸ್ಟ್‌ನಲ್ಲಿ ಹನ್ನೊಂದು ದಿನ ಜಗತ್ತಿನ ಸಿನಿಮಾ ಮಂದಿಯೆಲ್ಲ ಈ ಊರಿನತ್ತ ನೋಡುತ್ತಾರೆ.

ಉತ್ಸವ ಇಲ್ಲಿಗೆ ಬಂದ ಕಥೆ ತಮಾಷೆಯದು. 1944 ಮತ್ತು 45ರಲ್ಲಿ ಪಕ್ಕದ ಲುಗಾನೊ ನಗರದಲ್ಲಿ ಸಿನಿಮಾ ಪ್ರದರ್ಶನಗಳು ನಡೆದಿದ್ದವು. ಅದಕ್ಕೊಂದು ಬಯಲು ರಂಗಮಂದಿರ ಕಟ್ಟೋಣ ಎಂಬ ಪ್ರಸ್ತಾವ ಬಂದಾಗ ಲುಗಾನೊದ ಮತದಾರರು ಒಲ್ಲೆ ಎಂದರು. ಲೊಕಾರ್ನೊ ಬೇಗ ಕೈಚಾಚಿತು. 1946ರ ಆಗಸ್ಟ್ 23ರಂದು ಗ್ರ್ಯಾಂಡ್ ಹೋಟೆಲಿನ ತೋಟದಲ್ಲಿ ಮೊದಲ ಚಿತ್ರ ತೆರೆಗೆ ಬಿತ್ತು. ಕಾನ್ ಚಿತ್ರೋತ್ಸವ ಶುರುವಾದದ್ದು ಅದಾಗಿ ಕೆಲವು ವಾರಗಳ ಮೇಲೆ.

1971ರಿಂದ ರಾತ್ರಿ ಪ್ರದರ್ಶನಗಳು ಊರಿನ ನಡುವಿನ ಪಿಯಾಜಾ ಗ್ರಾಂದೆ ಎಂಬ ಚೌಕಕ್ಕೆ ಬಂದವು. ಕಲ್ಲು ಹಾಸಿದ ಈ ಬಯಲಿನಲ್ಲಿ ಹಳದಿ-ಕಪ್ಪು ಕುರ್ಚಿಗಳನ್ನು ಸಾಲಾಗಿ ಹಾಕಿದರೆ 8 ಸಾವಿರ ಜನ ಕೂರುತ್ತಾರೆ, ಅಂದರೆ ಊರಿನ ಜನಸಂಖ್ಯೆಯ ಅರ್ಧದಷ್ಟು. ಪರದೆ 26 ಮೀಟರ್ ಅಗಲ, 14 ಮೀಟರ್ ಎತ್ತರ. ಮಳೆ ಬಂದರೂ ಆಟ ನಿಲ್ಲುವುದಿಲ್ಲ. ರೇನ್‌ಕೋಟು ಹಾಕಿಕೊಂಡು ಪಟ್ಟು ಬಿಡದೆ ಕೂತವರು ಇರುತ್ತಾರೆ. ರಾತ್ರಿಯಿಡೀ ಬಯಲಾಟ ನೋಡುವ ನಮ್ಮ ಮಂದಿಗೆ ಈ ಹಟ ಅರ್ಥವಾದೀತು. ಅಲ್ಲಿ ನೋಡಿದವರೇ ಮತ ಹಾಕಿ ಪ್ರೇಕ್ಷಕರ ಪ್ರಶಸ್ತಿ ಕೊಡುತ್ತಾರೆ. 2001ರಲ್ಲಿ ಅದು ‘ಲಗಾನ್’ಗೆ ಸಿಕ್ಕಿತು.

ಆದರೆ ಲೊಕಾರ್ನೊದ ನಿಜವಾದ ಗುಟ್ಟು ಚೌಕದಲ್ಲಿಲ್ಲ, ಅದರ ಆಯ್ಕೆಪಟ್ಟಿಯಲ್ಲಿದೆ. ಮುಖ್ಯ ಸ್ಪರ್ಧೆಯ ದೊಡ್ಡ ಪ್ರಶಸ್ತಿ ‘ಚಿನ್ನದ ಚಿರತೆ’. ಅದರ ಜೊತೆಗೇ, ಮೊದಲ ಅಥವಾ ಎರಡನೆಯ ಚಿತ್ರ ಮಾಡಿದವರಿಗೆಂದೇ ‘ಇಂದಿನ ಚಿತ್ರಕರ್ಮಿಗಳು’ ಎಂಬ ಪ್ರತ್ಯೇಕ ಸ್ಪರ್ಧೆಯಿದೆ. ಕಿರುಚಿತ್ರಗಳಿಗೆ ‘ನಾಳಿನ ಚಿರತೆಗಳು’. ಕಾನ್‌ನ ಕೆಂಪು ಹಾಸಿನ ಮೇಲೆ ಹೆಸರಾದವರು ನಡೆದರೆ, ಲೊಕಾರ್ನೊ ಇನ್ನೂ ಹೆಸರಾಗದವರ ಮೇಲೆ ಪಣ ಕಟ್ಟುತ್ತದೆ. 1984ರಲ್ಲಿ ಜಿಮ್ ಜಾರ್ಮುಶ್, 1997ರಲ್ಲಿ ‘ದಿ ಮಿರರ್’ ಚಿತ್ರಕ್ಕಾಗಿ ಜಾಫರ್ ಪನಾಹಿ ಚಿನ್ನದ ಚಿರತೆ ಒಯ್ದಾಗ ಇಬ್ಬರೂ ತಮ್ಮ ಎರಡನೆಯ ಚಿತ್ರದಲ್ಲಿದ್ದರು. 2003ರಲ್ಲಿ ಪಾಕಿಸ್ತಾನದ ಸಬೀಹಾ ಸುಮರ್ ಅವರ ‘ಖಾಮೋಶ್ ಪಾನಿ’ ಅದೇ ಪ್ರಶಸ್ತಿ ಗೆದ್ದಿತು. ಅದರಲ್ಲಿ ನಟಿಸಿದ ನಮ್ಮ ಕಿರಣ್ ಖೇರ್ ಶ್ರೇಷ್ಠ ನಟಿಯಾದರು. 2023ರಿಂದ ನಟ, ನಟಿ ಎಂದು ಬೇರೆ ಬೇರೆ ಪ್ರಶಸ್ತಿ ಕೊಡುವ ಪದ್ಧತಿಯನ್ನು ಉತ್ಸವ ಕೈಬಿಟ್ಟಿದೆ.

ಈ ಪಣದಲ್ಲಿ ಕನ್ನಡಕ್ಕೂ ಪಾಲು ಸಿಕ್ಕಿದೆ. ಯು.ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿ ಪಟ್ಟಾಭಿರಾಮ ರೆಡ್ಡಿ ತೆಗೆದ ‘ಸಂಸ್ಕಾರ’ವನ್ನು ಇಲ್ಲಿನ ಸೆನ್ಸಾರ್ ಮಂಡಳಿ ಮೊದಲು ತಡೆದಿತ್ತು. ಬಿಡುಗಡೆಯಾದ ಮೇಲೆ 1970ರ ಸಾಲಿನ ಶ್ರೇಷ್ಠ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. 1972ರಲ್ಲಿ ಲೊಕಾರ್ನೊ ಅದಕ್ಕೆ ಕಂಚಿನ ಚಿರತೆ ಕೊಟ್ಟಿತು.

ಆಮೇಲೆ 2015ರಲ್ಲಿ ರಾಮ್ ರೆಡ್ಡಿ ಅವರ ‘ತಿಥಿ’. ಮಂಡ್ಯ ಸೀಮೆಯ ನೊದೆಕೊಪ್ಪಲಿನಲ್ಲಿ, ಹಿಂದೆಂದೂ ಕ್ಯಾಮೆರಾ ಎದುರಿಸದ ಹಳ್ಳಿಗರನ್ನೇ ಪಾತ್ರ ಮಾಡಿ ತೆಗೆದ ಚಿತ್ರವದು. ಸೆಂಚುರಿ ಗೌಡರ ಸಾವು, ಗಡ್ಡಪ್ಪನ ಅಲೆದಾಟ, ಜಮೀನಿಗಾಗಿ ತಮ್ಮಣ್ಣನ ಒದ್ದಾಟ ಇವು ಆಲ್ಪ್ಸ್ ತಪ್ಪಲಿನ ತೀರ್ಪುಗಾರರಿಗೆ ಹೇಗೆ ತಾಗಿದವೋ! ಈರೇಗೌಡರು ಜೊತೆಗೂಡಿ ಬರೆದ ಮಂಡ್ಯದ ಮಾತಿನ ಸೊಗಸು ಉಪಶೀರ್ಷಿಕೆಯಲ್ಲಿ ಅರ್ಧ ಸೋರಿಹೋಗಿದ್ದರೂ, ‘ಇಂದಿನ ಚಿತ್ರಕರ್ಮಿಗಳು’ ವಿಭಾಗದ ಚಿನ್ನದ ಚಿರತೆಯ ಜೊತೆಗೆ ಚೊಚ್ಚಲ ಚಿತ್ರದ ಪ್ರಶಸ್ತಿಯೂ ‘ತಿಥಿ’ಗೇ ಬಂತು. ಮರುವರ್ಷ ಇಲ್ಲಿ ಬಿಡುಗಡೆಯಾದಾಗ ಜನ ಚಿತ್ರಮಂದಿರಕ್ಕೆ ಬಂದರು. ಕಲಾತ್ಮಕ ಚಿತ್ರವೆಂದರೆ ಆಕಳಿಕೆ ಎಂಬ ಮಾತನ್ನು ಅದು ಸುಳ್ಳು ಮಾಡಿತು.

ಉತ್ಸವಕ್ಕೂ ಕೆಟ್ಟ ಕಾಲ ಬಾರದಿರಲಿಲ್ಲ. 2020ರಲ್ಲಿ ಕೋವಿಡ್‌ನಿಂದ ಪಿಯಾಜಾ ಗ್ರಾಂದೆ ಖಾಲಿ ಬಿತ್ತು. ಆಗ ಸಂಘಟಕರು ಮಾಡಿದ ಕೆಲಸ ಮೆಚ್ಚುವಂಥದು: ಚಿತ್ರೀಕರಣ ಅರ್ಧಕ್ಕೆ ನಿಂತಿದ್ದ 20 ಸಿನಿಮಾಗಳನ್ನು ಆರಿಸಿ, ಅವನ್ನು ಮುಗಿಸಲು ಹಣದ ಬಹುಮಾನ ಇಟ್ಟರು.

2024ರಲ್ಲಿ ಶಾರುಖ್ ಖಾನ್‌ಗೆ ಜೀವಮಾನ ಸಾಧನೆಯ ಚಿರತೆ ಕೊಟ್ಟಾಗ ನಮ್ಮ ಪತ್ರಿಕೆಗಳ ತುಂಬ ಅದೇ ಸುದ್ದಿ. ಆ ವರ್ಷ ಚಿನ್ನದ ಚಿರತೆ ಗೆದ್ದದ್ದು ಲಿಥುವೇನಿಯಾದ ಸೌಲೆ ಬ್ಲಿಯುವೈಟೆ, ಅದೂ ಮೊದಲ ಚಿತ್ರಕ್ಕೆ. ಅದನ್ನು ಬರೆದವರು ಕಡಿಮೆ. ಲೊಕಾರ್ನೊದ ಪಟ್ಟಿ ಜುಲೈನಲ್ಲಿ ಹೊರಬೀಳುತ್ತದೆ. ಸಿನಿಮಾ ಹುಚ್ಚಿರುವವರು ತಾರೆಯರ ಹೆಸರುಗಳನ್ನು ದಾಟಿ ಹೊಸಬರ ವಿಭಾಗವನ್ನು ಮೊದಲು ಓದಿ.