ರಜೆ ಹಾಕಿದರೂ ಇಳಿಯದ ದಣಿವು

ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಮನಶ್ಶಾಸ್ತ್ರಜ್ಞರು. 1970ರ ದಶಕದ ಆರಂಭದಲ್ಲಿ ಹಗಲಿಡೀ ನ್ಯೂಯಾರ್ಕಿನ ತಮ್ಮ ಖಾಸಗಿ ಚಿಕಿತ್ಸಾಲಯದಲ್ಲಿ ರೋಗಿಗಳನ್ನು ನೋಡಿ, ಸಂಜೆಯ ಮೇಲೆ ಈಸ್ಟ್ ವಿಲೇಜ್‌ನ ಉಚಿತ ಕ್ಲಿನಿಕ್ಕಿಗೆ ಹೋಗುತ್ತಿದ್ದರು. ಮಾದಕ ವ್ಯಸನಕ್ಕೆ ಬಿದ್ದ ಹುಡುಗ ಹುಡುಗಿಯರು ಅಲ್ಲಿಗೆ ಬರುತ್ತಿದ್ದರು. ಸ್ವಯಂಸೇವಕರ ಜೊತೆ ರಾತ್ರಿ ಬಹಳ ಹೊತ್ತು ದುಡಿದು ಮನೆಗೆ ಮರಳಿದರೆ, ಬೆಳಿಗ್ಗೆ ಮತ್ತೆ ಅದೇ ಓಟ. ಒಮ್ಮೆ ಮನೆಮಂದಿಯ ಜೊತೆ ಪ್ರವಾಸ ಹೊರಡಬೇಕಿದ್ದ ದಿನ ಅವರಿಗೆ ಹಾಸಿಗೆ ಬಿಟ್ಟು ಏಳಲಾಗಲಿಲ್ಲ. ನಿದ್ದೆ ಮಾಡಿ ಎದ್ದ ಮೇಲೂ ಸರಿಹೋಗಲಿಲ್ಲ. ಕೊನೆಗೆ ಟೇಪ್ ರೆಕಾರ್ಡರ್ ಮುಂದೆ ಕೂತು ತಮಗೇನಾಗುತ್ತಿದೆ ಎಂದು ಹೇಳಿಕೊಂಡರು. ಆಮೇಲೆ ಬೇರೆ ಯಾರದೋ ಮಾತು ಕೇಳುವಂತೆ ಅದನ್ನು ಕೇಳಿದರು. ದಣಿವಿನ ಜೊತೆಗೆ ಸಿಟ್ಟೂ ಆ ದನಿಯಲ್ಲಿತ್ತು.

1974ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದಾಗಿ ‘ಬರ್ನ್‌ಔಟ್’ ಎಂಬ ಹೆಸರು ಮನಶ್ಶಾಸ್ತ್ರದೊಳಗೆ ಬಂತು. ಬಿಡದ ನೆಗಡಿ, ಪದೇ ಪದೇ ತಲೆನೋವು, ಹೊಟ್ಟೆಯ ತೊಂದರೆ, ಬಾರದ ನಿದ್ದೆ, ಸಣ್ಣ ಮಾತಿಗೂ ಉಕ್ಕುವ ಕೋಪ ಎಂದು ತಮ್ಮ ಕ್ಲಿನಿಕ್ಕಿನ ಸಿಬ್ಬಂದಿಯಲ್ಲಿ ಕಂಡದ್ದನ್ನು ಅವರು ಬರೆದಿಟ್ಟರು. ಅದರಲ್ಲಿ ಮನಸ್ಸಿಗೆ ನಾಟುವ ಮಾತೊಂದಿದೆ. ಹೀಗೆ ಬಳಲುವವರು ಮೈಗಳ್ಳರಲ್ಲ. ಕೆಲಸಕ್ಕೆ ತಮ್ಮನ್ನು ಪೂರ್ತಿ ಕೊಟ್ಟುಕೊಂಡವರೇ ಹೆಚ್ಚಾಗಿ ಇದಕ್ಕೆ ಸಿಕ್ಕುತ್ತಾರೆ.

ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ರಿಸ್ಟಿನಾ ಮ್ಯಾಸ್ಲಾಕ್ ಇದನ್ನು ಅಳೆಯುವ ಪ್ರಶ್ನಾವಳಿಯನ್ನು ಸೂಸನ್ ಜಾಕ್ಸನ್ ಜೊತೆ ಸೇರಿ 1981ರಲ್ಲಿ ರೂಪಿಸಿದರು. ಅವರು ಗುರುತಿಸಿದ ಮುಖಗಳು ಮೂರು. ಮೈಮನಸ್ಸು ಬರಿದಾಗುವುದು ಮೊದಲನೆಯದು. ಎದುರಿಗಿರುವ ರೋಗಿ, ವಿದ್ಯಾರ್ಥಿ, ಗ್ರಾಹಕ ಯಾರೇ ಆಗಲಿ ಅವರ ಮೇಲಿನ ಅಕ್ಕರೆ ಒಣಗಿ ‘ಏನಾದರೂ ಮಾಡಿಕೊಳ್ಳಲಿ’ ಎನ್ನಿಸತೊಡಗುವುದು ಎರಡನೆಯದು. ಎಷ್ಟು ಮಾಡಿದರೂ ತನ್ನಿಂದ ಏನೂ ಆಗುತ್ತಿಲ್ಲ ಎಂಬ ಭಾವನೆ ಮೂರನೆಯದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಪಟ್ಟಿಯಲ್ಲಿ ಈ ಮೂರನ್ನೇ ಆಧಾರವಾಗಿಟ್ಟುಕೊಂಡು, ಬರ್ನ್‌ಔಟನ್ನು ಕಾಯಿಲೆ ಎನ್ನದೆ ದುಡಿಮೆಗೆ ಸಂಬಂಧಿಸಿದ ಸ್ಥಿತಿ ಎಂದು ಕರೆಯಿತು. ಕೆಲಸದ ಜಾಗದ ಒತ್ತಡವನ್ನು ಬಹುಕಾಲ ಸರಿಯಾಗಿ ನಿಭಾಯಿಸದೆ ಹೋದಾಗ ಇದು ಹುಟ್ಟುತ್ತದೆ ಎಂಬುದು ಅದರ ವಿವರಣೆ.

ಹಾಗಾದರೆ ನಾಲ್ಕು ದಿನ ರಜೆ ಹಾಕಿದರೆ ಸಾಲದೇ? ಸಾಮಾನ್ಯ ಆಯಾಸಕ್ಕೆ ಸಾಕು. ಬರ್ನ್‌ಔಟಿಗೆ ಹೆಚ್ಚಿನವರಲ್ಲಿ ಸಾಲುವುದಿಲ್ಲ. ಕೊಡಗಿಗೋ ಗೋಕರ್ಣಕ್ಕೋ ಹೋಗಿ ಬಂದ ಸೋಮವಾರ ಅದೇ ಮೇಜು, ಅದೇ ಮೇಲಧಿಕಾರಿ, ‘ಇಲ್ಲ’ ಎನ್ನಲಾಗದ ಅದೇ ಮನಸ್ಸು. ಸೋರುವ ಮಾಡನ್ನು ಹಾಗೇ ಬಿಟ್ಟು ನೆಲ ಒರೆಸಿದಂತಾಗುತ್ತದೆ. ಎಲ್ಲಿ ಸೋರುತ್ತಿದೆ ಎಂದು ಇನ್ನೊಬ್ಬರ ಜೊತೆ ಕೂತು ಹುಡುಕುವುದಕ್ಕೆ ಥೆರಪಿ ಬೇಕಾಗುತ್ತದೆ.

ಸರ್ಕಾರಿ ಶಾಲೆಯ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಪಾಠದ ಜೊತೆಗೆ ಬಿಸಿಯೂಟದ ಲೆಕ್ಕ, ಆನ್‌ಲೈನ್‌ನಲ್ಲಿ ತುಂಬಬೇಕಾದ ಮಾಹಿತಿ, ಸಮೀಕ್ಷೆ, ಚುನಾವಣೆ ಕೆಲಸ. ಮನೆಗೆ ಬಂದರೆ ಅಡುಗೆ, ವಯಸ್ಸಾದ ಅತ್ತೆಯ ಆರೈಕೆ. ಮಕ್ಕಳೆಂದರೆ ಪ್ರಾಣ ಬಿಡುತ್ತಿದ್ದವರಿಗೆ ಈಗ ಶಾಲೆಯ ಗಂಟೆ ಕೇಳಿದರೆ ಹೊಟ್ಟೆಯಲ್ಲಿ ಸಂಕಟ. ಆಪ್ತಸಮಾಲೋಚಕರ ಬಳಿ ಇವರು ಹೋದರೆ ಮೊದಲ ಭೇಟಿಯಲ್ಲಿ ಉಪದೇಶವೇನೂ ಸಿಗುವುದಿಲ್ಲ, ಸಿಗಲೂಬಾರದು. ನಿದ್ದೆ, ಊಟ, ಕೆಲಸದ ಹೊತ್ತು, ಮನೆಯ ಹೊರೆ, ಹಿಂದಿನ ಕಾಯಿಲೆ, ಬದುಕೇ ಬೇಡವೆನಿಸಿದ್ದುಂಟೇ ಎಂಬುದರ ತನಕ ವಿಚಾರಿಸುತ್ತಾರೆ. ರಕ್ತಹೀನತೆ, ಥೈರಾಯ್ಡ್ ತೊಂದರೆ, ಬಿ12 ಕೊರತೆಯೂ ಮನುಷ್ಯನನ್ನು ಹೀಗೇ ಹಿಂಡುವುದರಿಂದ ರಕ್ತಪರೀಕ್ಷೆ ಮಾಡಿಸಿ ಎಂದು ಹೇಳುವುದೂ ಉಂಟು.

ಮುಂದಿನ ವಾರಗಳ ಮಾತುಕತೆ ಸಾಮಾನ್ಯವಾಗಿ ತಲಾ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ನಡೆಯುತ್ತದೆ. ಆರನ್ ಬೆಕ್ 1960ರ ದಶಕದಲ್ಲಿ ಕಟ್ಟಿದ ಅರಿವು-ವರ್ತನೆ ಚಿಕಿತ್ಸೆ, ಅಂದರೆ ಸಿಬಿಟಿ, ಇಲ್ಲಿ ಹೆಚ್ಚು ಬಳಕೆಯಲ್ಲಿದೆ. ಯಾವ ಘಟನೆ ನಡೆದಾಗ ಯಾವ ಯೋಚನೆ ಬಂತು, ಅದರ ಹಿಂದೆಯೇ ಏನು ಮಾಡಿದಿರಿ ಎಂದು ಬರೆದುಕೊಂಡು ಬರಲು ಹೇಳುತ್ತಾರೆ. ‘ನಾನು ಮಾಡದಿದ್ದರೆ ಯಾರೂ ಮಾಡುವುದಿಲ್ಲ’, ‘ಬೇಡ ಅಂದರೆ ಏನಂದುಕೊಳ್ಳುತ್ತಾರೋ’ ಎಂಬಂಥ ವಾಕ್ಯಗಳು ಹಾಳೆಯ ಮೇಲೆ ಮತ್ತೆ ಮತ್ತೆ ಬಂದಾಗ, ಅವು ಎಷ್ಟು ನಿಜ ಎಂದು ಇಬ್ಬರೂ ಸೇರಿ ಪರೀಕ್ಷಿಸುತ್ತಾರೆ. ಮುಖ್ಯೋಪಾಧ್ಯಾಯರಿಗೆ ‘ಈ ಕೆಲಸ ಈ ವಾರ ಆಗುವುದಿಲ್ಲ ಸರ್’ ಎಂದು ಹೇಗೆ ಹೇಳಬೇಕೆಂಬುದನ್ನು ಆ ಕೋಣೆಯಲ್ಲೇ ಹೇಳಿ ಅಭ್ಯಾಸ ಮಾಡುತ್ತಾರೆ. ಬಿಟ್ಟುಹೋದ ಸಂಜೆಯ ನಡಿಗೆ, ಹಾಡು, ಗೆಳತಿಯ ಮನೆ ಒಂದೊಂದಾಗಿ ದಿನಚರಿಗೆ ಮರಳುತ್ತವೆ. ಕೆಲವರಿಗೆ ಎಂಟು ಹತ್ತು ಭೇಟಿ ಸಾಕು, ಕೆಲವರಿಗೆ ತಿಂಗಳುಗಳೇ ಬೇಕು.

ಖಿನ್ನತೆ ಬೇರೆ, ಬರ್ನ್‌ಔಟ್ ಬೇರೆ. ಆದರೆ ಎರಡರ ನಡುವಿನ ಗೆರೆ ಬಹಳ ತೆಳು. ಬೇಸರ ಕೆಲಸದ ಗೋಡೆ ದಾಟಿ ಮಗುವಿನ ಆಟ, ಹಬ್ಬದೂಟ ಯಾವುದರಲ್ಲೂ ರುಚಿ ಇಲ್ಲದಂತೆ ಮಾಡಿದರೆ, ಸಾಯುವ ಯೋಚನೆ ಸುಳಿದರೆ ತಡಮಾಡದೆ ಮನೋವೈದ್ಯರನ್ನು ಕಾಣಬೇಕು. ಔಷಧಿ ಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರೇ.

ಥೆರಪಿಯಿಂದ ಆಗದ ಕೆಲಸವೂ ಇದೆ. ಅದನ್ನು ಮುಚ್ಚಿಟ್ಟರೆ ಬಳಲಿದವರಿಗೇ ಅನ್ಯಾಯ. ಮ್ಯಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಬರ್ನ್‌ಔಟಿನ ಬೇರುಗಳನ್ನು ಹುಡುಕಿದ್ದು ಕೆಲಸದ ಹೊರೆ, ಅದರ ಮೇಲಿನ ಹಿಡಿತ, ಸಿಗುವ ಪ್ರತಿಫಲ, ಸಹೋದ್ಯೋಗಿಗಳ ಬಳಗ, ನ್ಯಾಯ, ಮೌಲ್ಯ ಇವುಗಳಲ್ಲಿ. ಇವನ್ನೆಲ್ಲ ಒಬ್ಬ ವ್ಯಕ್ತಿ ಕೋಣೆಯೊಳಗೆ ಕೂತು ಬದಲಿಸಲಾರ. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದದ್ದರಿಂದ 2016ರಲ್ಲಿ ಜಗತ್ತಿನಾದ್ಯಂತ 7.45 ಲಕ್ಷ ಜನ ಪಾರ್ಶ್ವವಾಯು ಮತ್ತು ಹೃದ್ರೋಗಕ್ಕೆ ಬಲಿಯಾದರೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಸೇರಿ ಅಂದಾಜು ಮಾಡಿವೆ. ಕರ್ನಾಟಕದಲ್ಲಿ 2024ರಲ್ಲಿ ಐಟಿ ನೌಕರರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಬಂದಾಗ ನೌಕರರ ಸಂಘ ಕೆಐಟಿಯು ಬೀದಿಗಿಳಿದದ್ದು ಸರಿಯಾಗಿಯೇ ಇತ್ತು. ಒಳ್ಳೆಯ ಸಮಾಲೋಚಕರು ‘ಹೊಂದಿಕೊಂಡು ಹೋಗಿ’ ಎನ್ನುವುದಿಲ್ಲ. ತನ್ನಲ್ಲಿ ಬದಲಾಗಬೇಕಾದದ್ದು ಯಾವುದು, ಕಚೇರಿಯಲ್ಲಿ ಬದಲಾಗಬೇಕಾದದ್ದು ಯಾವುದು ಎಂದು ಬಿಡಿಸಿ ನೋಡಲು ನೆರವಾಗುತ್ತಾರೆ. ಆ ಕೆಲಸ ಬಿಡುವುದೇ ಸರಿ ಎಂಬಲ್ಲಿಗೆ ಮಾತು ಮುಟ್ಟಿದರೆ ಅದೂ ಚೇತರಿಕೆಯೇ.

ನಮ್ಮಲ್ಲಿ ಬಾಗಿಲು ತಟ್ಟುವುದೇ ಕಷ್ಟ. ‘ನಿಮ್ಹಾನ್ಸ್‌ಗೆ ಸೇರಿಸಬೇಕು ನಿನ್ನ’ ಎಂಬ ಮಾತು ಬೆಂಗಳೂರಿನಲ್ಲಿ ಇನ್ನೂ ಬೈಗುಳದಂತೆ ಚಲಾವಣೆಯಲ್ಲಿದೆ. ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಮಾನಸಿಕ ಚಿಕಿತ್ಸೆಯನ್ನು ಕೊಂಡೊಯ್ದ ಪ್ರಯೋಗ, 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇಡೀ ದೇಶಕ್ಕೆ ದಾರಿ ತೋರಿದ ಸಂಸ್ಥೆಯಿರುವ ಊರಿನ ಜನವೇ ಅಲ್ಲಿಗೆ ಹೋಗಲು ಮುಜುಗರ ಪಡುವುದು ನೋವಿನ ಸಂಗತಿ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಸ್ವಾಸ್ಥ್ಯ ಕೇಂದ್ರವಿದೆ. ದೊಡ್ಡ ಆಸ್ಪತ್ರೆಯ ಗೇಟಿನೊಳಗೆ ಹೋಗಲು ಹಿಂಜರಿಯುವವರು ಅಲ್ಲಿಗೆ ಹೋಗಬಹುದು.

ಊರು ದೂರವಿದ್ದವರಿಗೆ ಫೋನೇ ಮೊದಲ ಮೆಟ್ಟಿಲು. 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದೂ ನಿಮ್ಹಾನ್ಸ್ ಮಾರ್ಗದರ್ಶನದಲ್ಲೇ ನಡೆಯುತ್ತಿದೆ. ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕನ್ನಡದಲ್ಲೇ ಮಾತಾಡಬಹುದು. ಅಗತ್ಯವಿದ್ದರೆ ಆಪ್ತಸಮಾಲೋಚಕರೇ ಮನೋವೈದ್ಯರಿಗೆ ದಾಟಿಸುತ್ತಾರೆ, ಹತ್ತಿರದ ಆಸ್ಪತ್ರೆಯನ್ನು ತಿಳಿಸುತ್ತಾರೆ. ತಾಯ್ನುಡಿಯಲ್ಲಿ ಹೇಳಿಕೊಳ್ಳುವುದು ಸಣ್ಣ ಅನುಕೂಲವಲ್ಲ. ಆಫೀಸಿನ ಸಂಕಟವನ್ನು ಇಂಗ್ಲಿಷಿನಲ್ಲಿ ಹೇಳಬಲ್ಲವರಿಗೂ ಅಪ್ಪನ ಮೇಲಿನ ಸಿಟ್ಟನ್ನು ಹೇಳಲು ಕನ್ನಡವೇ ಬೇಕಾಗಬಹುದು.

ಖಾಸಗಿಯಾಗಿ ಹೋಗುವವರು ಸಮಾಲೋಚಕರ ವಿದ್ಯಾರ್ಹತೆಯನ್ನು ಕೇಳಿ ತಿಳಿಯಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಹೇಳಿಕೊಳ್ಳುವವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ ಎಂದು ವಿಚಾರಿಸಲು ಸಂಕೋಚ ಬೇಡ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ, ದೈಹಿಕ ಕಾಯಿಲೆಯಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಇರಬೇಕೆಂದು ವಿಧಿಸಿದೆ. ಆದರೆ ಆಸ್ಪತ್ರೆಗೆ ದಾಖಲಾಗದೆ ವಾರಕ್ಕೊಮ್ಮೆ ಹೋಗಿ ಬರುವ ಥೆರಪಿಯ ಶುಲ್ಕವನ್ನು ಅನೇಕ ಪಾಲಿಸಿಗಳು ತುಂಬಿಕೊಡುವುದಿಲ್ಲ. ಆ ಖರ್ಚು ಹೊರಲಾಗದವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯಕೀಯ ವಿಭಾಗವಿದೆ. ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಲ್ಲಿ ನಡೆಸುವ ಕ್ಲಿನಿಕ್ಕುಗಳೂ ಇವೆ.